ದ್ರವ್ಯ ಉಳಿಯಿತು, ಪ್ರತಿದ್ರವ್ಯ ಏಕೆ ಉಳಿಯಲಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವದ ಹುಟ್ಟಿನ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಯಾರಾದರೊಬ್ಬರು ಎದ್ದು ಪ್ರತಿದ್ರವ್ಯದ ಮಾತು ತೆಗೆಯುತ್ತಾರೆ. ಕೆಲವರಿಗೆ ಅದು ಸಿನಿಮಾದಲ್ಲಿ ಕಂಡ ಬಾಂಬು, ಕೆಲವರಿಗೆ ಮೇಲಕ್ಕೆ ಬೀಳುವ ವಸ್ತು. ಹಾಗೆ ಬಂದ ಪ್ರಶ್ನೆಗಳನ್ನೂ ಅವಕ್ಕೆ ಕೊಡುತ್ತ ಬಂದ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಗಣಿತ ಇಲ್ಲ. ಆದರೆ ಸಂಖ್ಯೆಗಳಿವೆ, ಅವಿಲ್ಲದೆ ಈ ಕಥೆಗೆ ಅರ್ಥವೇ ಇಲ್ಲ.

ಪ್ರತಿದ್ರವ್ಯ ಅಂದರೆ ನಿಜಕ್ಕೂ ಏನು?

ನಮ್ಮ ಸುತ್ತಲಿನ ವಸ್ತುಗಳು ಯಾವ ಕಣಗಳಿಂದ ಆಗಿವೆಯೋ ಆ ಕಣಗಳಿಗೆಲ್ಲ ಒಂದೊಂದು ಜೋಡಿ ಇದೆ. ಎಲೆಕ್ಟ್ರಾನಿಗೆ ಪಾಸಿಟ್ರಾನ್, ಪ್ರೋಟಾನಿಗೆ ಪ್ರತಿಪ್ರೋಟಾನ್. ತೂಕ ಒಂದೇ, ವಿದ್ಯುದಂಶ ಮಾತ್ರ ತಿರುಗುಮುರುಗು: ಎಲೆಕ್ಟ್ರಾನ್ ಋಣವಾದರೆ ಪಾಸಿಟ್ರಾನ್ ಧನ. ಪ್ರತಿಪ್ರೋಟಾನಿನ ಸುತ್ತ ಒಂದು ಪಾಸಿಟ್ರಾನ್ ಸುತ್ತಿದರೆ ಅದು ಪ್ರತಿಜಲಜನಕ. 'ಪ್ರತಿ' ಅಂದ ಮಾತ್ರಕ್ಕೆ ತೂಕ ಋಣವಲ್ಲ, ಶಕ್ತಿಯೂ ಋಣವಲ್ಲ. ಕೈಯಲ್ಲಿ ಹಿಡಿಯಲು ಸಾಧ್ಯವಾಗುವುದಿದ್ದರೆ ಪ್ರತಿಚಿನ್ನದ ಉಂಗುರ ಚಿನ್ನದ ಉಂಗುರದ ಹಾಗೇ ಹೊಳೆಯುತ್ತಿತ್ತು, ಅಷ್ಟೇ ತೂಗುತ್ತಿತ್ತು.

ಹಿಡಿಯಲು ಮಾತ್ರ ಆಗದು. ಕಣವೂ ಅದರ ಪ್ರತಿಕಣವೂ ಮುಟ್ಟಿದರೆ ಎರಡೂ ಇಲ್ಲವಾಗಿ, ಅವುಗಳ ತೂಕವೆಲ್ಲ ಶಕ್ತಿಯಾಗಿ ಹೊರಬೀಳುತ್ತದೆ.

ವಿದ್ಯುದಂಶವೇ ಇಲ್ಲದ ಕಣಕ್ಕೆ ಪ್ರತಿಕಣ ಹೇಗೆ?

ನ್ಯೂಟ್ರಾನಿಗೆ ಒಟ್ಟು ವಿದ್ಯುದಂಶ ಸೊನ್ನೆ. ಆದರೆ ಅದರ ಒಳಗಿರುವ ಕ್ವಾರ್ಕ್‌ಗಳಿಗೆ ಇದೆ. ಪ್ರತಿನ್ಯೂಟ್ರಾನಿನ ಒಳಗೆ ಪ್ರತಿಕ್ವಾರ್ಕ್‌ಗಳಿವೆ, ಹಾಗಾಗಿ ಅವೆರಡೂ ಬೇರೆ ಬೇರೆ. ಬೆಳಕಿನ ಕಣವಾದ ಫೋಟಾನಿಗೆ ತಾನೇ ತನ್ನ ಪ್ರತಿಕಣ. ವಿದ್ಯುದಂಶವಿಲ್ಲದ, ಅತಿ ಹಗುರ ಕಣವಾದ ನ್ಯೂಟ್ರಿನೊ ಈ ಎರಡರಲ್ಲಿ ಯಾವ ಗುಂಪಿಗೆ ಸೇರಿದ್ದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ಅನುಮಾನವೇ ಮುಂದೆ ಈ ಕಥೆಯಲ್ಲಿ ದೊಡ್ಡ ಪಾತ್ರ ವಹಿಸುತ್ತದೆ.

ಡಾರ್ಕ್ ಮ್ಯಾಟರ್ ಅನ್ನುವುದೂ ಇದೇನಾ?

ಅಲ್ಲ. ಡಾರ್ಕ್ ಮ್ಯಾಟರ್ ವಿಶ್ವದಲ್ಲಿ ಬೇಕಾದಷ್ಟಿದೆ, ಏನೆಂದು ಗೊತ್ತಿಲ್ಲ. ಪ್ರತಿದ್ರವ್ಯ ಏನೆಂದು ಚೆನ್ನಾಗಿ ಗೊತ್ತಿದೆ, ಹೆಚ್ಚುಕಡಿಮೆ ಎಲ್ಲೂ ಇಲ್ಲ.

ಇದನ್ನು ಮೊದಲು ಕಂಡವರು ಯಾರು?

ಕಾಣುವ ಮುಂಚೆ ಅದು ಕಾಗದದ ಮೇಲೆ ಹುಟ್ಟಿತು. 1928ರಲ್ಲಿ ಇಂಗ್ಲೆಂಡಿನ ಪಾಲ್ ಡಿರಾಕ್ ಎಲೆಕ್ಟ್ರಾನಿಗೊಂದು ಸಮೀಕರಣ ಬರೆದರು. ಅದು ಕೇಳದೇ ಇದ್ದ ಇನ್ನೊಂದು ಉತ್ತರವನ್ನೂ ಕೊಟ್ಟಿತು: ಧನ ವಿದ್ಯುದಂಶದ ಒಂದು ಕಣ. ಡಿರಾಕ್ ಅದನ್ನು ಮೊದಲು ಪ್ರೋಟಾನ್ ಇರಬಹುದೆಂದು ಊಹಿಸಿದರು. ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1,836 ಪಟ್ಟು ಭಾರ, ಹೊಂದಲಿಲ್ಲ. 1931ರಲ್ಲಿ ಧೈರ್ಯ ಮಾಡಿ, ಇದು ಯಾರೂ ಕಾಣದ ಹೊಸ ಕಣವೇ ಇರಬೇಕು ಎಂದರು.

ಮರುವರ್ಷವೇ ಅಮೆರಿಕದ ಕಾಲ್ಟೆಕ್‌ನಲ್ಲಿ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಸುರಿಯುವ ಕಣಗಳ, ಜಾಡಿನ ಫೋಟೊ ತೆಗೆಯುತ್ತಿದ್ದಾಗ ಒಂದು ಗೆರೆ ಕಾಂತಬಲದಲ್ಲಿ ಎಲೆಕ್ಟ್ರಾನ್ ಬಾಗುವುದಕ್ಕೆ ವಿರುದ್ಧವಾಗಿ, ತಪ್ಪು ದಿಕ್ಕಿಗೆ ಬಾಗಿತ್ತು. ಕಣ ಮೇಲಿಂದ ಬಂತೋ ಕೆಳಗಿಂದ ಬಂತೋ ತಿಳಿಯಲೆಂದು ನಡುವೆ 6 ಮಿಲಿಮೀಟರ್ ಸೀಸದ ತಗಡು ಇಟ್ಟಿದ್ದರು. ತಗಡು ದಾಟಿದ ಮೇಲೆ ಕಣದ ವೇಗ ತಗ್ಗುತ್ತದೆ, ಗೆರೆ ಹೆಚ್ಚು ಬಾಗುತ್ತದೆ. ಆ ಒಂದು ಉಪಾಯದಿಂದ ಅದು ಧನ ಎಲೆಕ್ಟ್ರಾನೇ ಎಂದು ಖಚಿತವಾಯಿತು. ಪ್ರತಿಪ್ರೋಟಾನ್ ಸಿಗಲು 1955ರವರೆಗೆ ಕಾಯಬೇಕಾಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅದಕ್ಕೆ ತಕ್ಕ ಯಂತ್ರ ಬಂದಮೇಲೆ ಸೆಗ್ರೆ ಮತ್ತು ಚೇಂಬರ್ಲೇನ್ ತಂಡ ಅದನ್ನು ಹಿಡಿಯಿತು.

ಇಲ್ಲೊಂದು ಬೆಂಗಳೂರಿನ ಎಳೆ ಇದೆ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ತಾಗಿ ಚದುರುವ ಲೆಕ್ಕವನ್ನು 1930ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿದ್ದಾಗ ಮಾಡಿದವರು ಹೋಮಿ ಭಾಭಾ. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದವರು ಯುದ್ಧ ಶುರುವಾದ್ದರಿಂದ ಮರಳಲಾಗದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಅಂದರೆ ಐಐಎಸ್‌ಸಿಯಲ್ಲಿ) ಉಳಿದು ವಿಶ್ವಕಿರಣಗಳ ಅಧ್ಯಯನ ಕಟ್ಟಿದರು. ಎಲೆಕ್ಟ್ರಾನ್–ಪಾಸಿಟ್ರಾನ್ ಡಿಕ್ಕಿ ಹೊಡೆಸುವ ಯಂತ್ರಗಳು ತಮ್ಮ ಡಿಕ್ಕಿಗಳ ಲೆಕ್ಕ ಇಡುವುದು ಇಂದಿಗೂ 'ಭಾಭಾ ಚದುರುವಿಕೆ'ಯ ಆಧಾರದಲ್ಲಿ.

ನಮ್ಮ ಮನೆಯಲ್ಲಿ ಪ್ರತಿದ್ರವ್ಯ ಇದೆಯೇ?

ಬಾಳೆಹಣ್ಣು ಇದ್ದರೆ ಆಗಾಗ ಇರುತ್ತದೆ. ಅದರಲ್ಲಿರುವ ಪೊಟ್ಯಾಸಿಯಮ್‌ನ ಒಂದು ಸಣ್ಣ ಪಾಲು ವಿಕಿರಣ ಸೂಸುವಂಥದ್ದು. ಆ ಪಾಲಿನಿಂದ ಒಂದೆರಡು ಗಂಟೆಗೊಂದರಂತೆ ಪಾಸಿಟ್ರಾನ್ ಹೊರಬೀಳುತ್ತದೆ. ಬಿದ್ದ ಕ್ಷಣದಲ್ಲೇ ಪಕ್ಕದ ಎಲೆಕ್ಟ್ರಾನಿಗೆ ತಾಗಿ ಮಾಯವಾಗುತ್ತದೆ. ನಮ್ಮ ದೇಹದಲ್ಲೂ ಪೊಟ್ಯಾಸಿಯಮ್ ಇದೆ, ಅಲ್ಲೂ ಇದೇ ಕತೆ. ಅಪಾಯವೇನೂ ಇಲ್ಲ, ಬಾಳೆಹಣ್ಣು ತಿನ್ನಿ.

ಕ್ಯಾನ್ಸರ್ ತಪಾಸಣೆಗೆ ಮಾಡಿಸುವ ಪೆಟ್ ಸ್ಕ್ಯಾನ್‌ನಲ್ಲಿ 'ಪೆ' ಅಂದರೆ ಪಾಸಿಟ್ರಾನೇ. ಫ್ಲೋರಿನ್-18 ಬೆರೆಸಿದ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಬಿಡುತ್ತಾರೆ. ಗಡ್ಡೆ ಸಕ್ಕರೆಯನ್ನು ಹೆಚ್ಚು ಹೀರುತ್ತದೆ. ಅಲ್ಲಿ ಹುಟ್ಟುವ ಒಂದೊಂದು ಪಾಸಿಟ್ರಾನೂ ಎಲೆಕ್ಟ್ರಾನಿನೊಂದಿಗೆ ಅಳಿದು, ಎರಡು ಗ್ಯಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ. ಸುತ್ತಲಿನ ಯಂತ್ರ ಅವನ್ನು ಹಿಡಿದು ಜಾಗ ಗುರುತಿಸುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಹಾಗಾಗಿಯೇ ಆಸ್ಪತ್ರೆಯವರು ಪೆಟ್ ಸ್ಕ್ಯಾನ್‌ಗೆ ಹೊತ್ತಿಗೆ ಸರಿಯಾಗಿ ಬನ್ನಿ ಎಂದು ಒತ್ತಾಯಿಸುವುದು.

ಸರಿ, ಇಷ್ಟರಲ್ಲಿ ಸಮಸ್ಯೆ ಏನು?

ಶಕ್ತಿಯಿಂದ ಕಣ ಹುಟ್ಟುವಾಗ ಜೋಡಿಯಾಗಿಯೇ ಹುಟ್ಟುತ್ತದೆ. ಒಂದು ಎಲೆಕ್ಟ್ರಾನ್ ಬಂದರೆ ಒಂದು ಪಾಸಿಟ್ರಾನ್ ಬಂದೇ ಬರುತ್ತದೆ. ಪ್ರಯೋಗಾಲಯದಲ್ಲಿ ಕೋಟ್ಯಂತರ ಸಲ ನೋಡಿದ್ದಾರೆ, ಒಂದು ಸಲವೂ ಲೆಕ್ಕ ತಪ್ಪಿಲ್ಲ. ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವ ಕಾದು ಕುದಿಯುತ್ತಿದ್ದಾಗಲೂ ಹೀಗೇ ಜೋಡಿ ಜೋಡಿಯಾಗಿ ಹುಟ್ಟಿರಬೇಕು. ತಣಿಯುವಾಗ ಜೋಡಿ ಜೋಡಿಯಾಗಿಯೇ ಅಳಿಯಬೇಕು. ಜಮೆ ಎಷ್ಟೋ ಖರ್ಚು ಅಷ್ಟೇ ಆದರೆ ಕೊನೆಗೆ ಉಳಿಯುವುದು ಬೆಳಕು ಮಾತ್ರ. ನಕ್ಷತ್ರ ಇಲ್ಲ, ಕಲ್ಲು ಇಲ್ಲ, ನೀವು ಇಲ್ಲ, ಈ ಪ್ರಶ್ನೆಯೂ ಇಲ್ಲ.

ಆದರೆ ನಾವಿದ್ದೇವೆ. ಅಂದರೆ ಎಲ್ಲೋ ಲೆಕ್ಕ ಜಾರಿದೆ.

ಹಾಗಾದರೆ ಇದ್ದ ಪ್ರತಿದ್ರವ್ಯವೆಲ್ಲ ಎಲ್ಲಿ ಹೋಯಿತು?

ಹೆಚ್ಚಿನವರು ಕೇಳುವುದು ಇದನ್ನೇ. ನನಗೆ ಇದು ತಪ್ಪು ಜಾಗದಲ್ಲಿ ಹುಡುಕುವ ಪ್ರಶ್ನೆ ಅನ್ನಿಸುತ್ತದೆ. ಅದೆಲ್ಲೂ ಹೋಗಿಲ್ಲ, ಅಳಿದು ಬೆಳಕಾಯಿತು. ಪ್ರೋಟಾನ್–ಪ್ರತಿಪ್ರೋಟಾನ್‌ಗಳ ಕಾಳಗ ಮೊದಲ ಸೆಕೆಂಡು ಮುಗಿಯುವ ಮುನ್ನವೇ ಮುಗಿದಿತ್ತು. ಎಲೆಕ್ಟ್ರಾನ್–ಪಾಸಿಟ್ರಾನ್‌ಗಳದ್ದು ಮುಂದಿನ ಕೆಲವೇ ನಿಮಿಷಗಳಲ್ಲಿ. ಆ ಶಕ್ತಿಯೆಲ್ಲ ವಿಶ್ವ ಹಿಗ್ಗಿದಂತೆ ತಣಿದು, ಇಂದು ಮೈಕ್ರೋವೇವ್ ಹಿನ್ನೆಲೆ ಬೆಳಕಾಗಿ ಎಲ್ಲೆಡೆ ತುಂಬಿದೆ: ಒಂದು ಘನ ಸೆಂಟಿಮೀಟರಿಗೆ ಸುಮಾರು 411 ಫೋಟಾನ್. ಹಳೆಯ ಆಂಟೆನಾ ಟಿವಿಯಲ್ಲಿ ಚಾನೆಲ್ ಇಲ್ಲದಾಗ 'ಇರುವೆ' ಹರಿದಾಡುತ್ತಿದ್ದವಲ್ಲ, ಅದರಲ್ಲಿ ನೂರಕ್ಕೆ ಒಂದರಷ್ಟು ಈ ಬೆಳಕಿನದೇ.

ಅಳಿದದ್ದು ಆಶ್ಚರ್ಯವಲ್ಲ. ಸ್ವಲ್ಪ ಉಳಿದದ್ದು ಆಶ್ಚರ್ಯ.

ಉಳಿದದ್ದು ಎಷ್ಟು?

ಇಂದಿನ ವಿಶ್ವದಲ್ಲಿ ಒಂದು ಪ್ರೋಟಾನ್ ಅಥವಾ ನ್ಯೂಟ್ರಾನಿಗೆ ಸುಮಾರು 160 ಕೋಟಿ ಫೋಟಾನ್‌ಗಳಿವೆ. 100 ಕೋಟಿ ಪ್ರತಿಕಣಗಳಿಗೆ 100 ಕೋಟಿಯ ಮೇಲೆ ಒಂದು ಕಣಗಳಿದ್ದವು ಎಂಬ ಜನಪ್ರಿಯ ಮಾತು ಹುಟ್ಟಿದ್ದು ಇದರಿಂದಲೇ. ಯಾವ ಕ್ಷಣದಲ್ಲಿ, ಯಾವ ಕಣ ಎಣಿಸುತ್ತೀರಿ ಎನ್ನುವುದರ ಮೇಲೆ ಈ ಸಂಖ್ಯೆ ಬದಲಾಗುತ್ತದೆ. ಕ್ವಾರ್ಕ್‌ಗಳನ್ನೇ ಎಣಿಸಿದರೆ ಸುಮಾರು ಮೂರು ಕೋಟಿಗೆ ಒಂದು ಎಂಬ ಲೆಕ್ಕವೂ ಉಂಟು. ನೂರು ಕೋಟಿಯದ್ದು ದುಂಡು ಲೆಕ್ಕ ಎಂದುಕೊಳ್ಳಿ.

ಅಕ್ಕಿಯಲ್ಲಿ ಹೇಳಬಹುದು. 100 ಕೋಟಿ ಅಕ್ಕಿಕಾಳು ಅಂದರೆ ಹೆಚ್ಚುಕಡಿಮೆ 20 ಟನ್, 50 ಕಿಲೋದ 400 ಚೀಲ. ಈ ಕಡೆ 400 ಚೀಲ, ಆ ಕಡೆ 400 ಚೀಲ, ಈ ಕಡೆ ಒಂದು ಕಾಳು ಹೆಚ್ಚು. ಚೀಲಗಳೆಲ್ಲ ಸುಟ್ಟುಹೋದವು. ಆ ಒಂದು ಕಾಳಿನಿಂದ ಆಕಾಶಗಂಗೆ, ಸೂರ್ಯ, ಭೂಮಿ, ಅದರ ಮೇಲಿನ ಎಲ್ಲ ಅಕ್ಕಿ.

ಇಷ್ಟು ಸೂಕ್ಷ್ಮವಾದ ಸಂಖ್ಯೆಯನ್ನು ಅಳೆದದ್ದು ಹೇಗೆ?

ಎರಡು ಬೇರೆ ದಾರಿಗಳಲ್ಲಿ. ವಿಶ್ವದ ಮೊದಲ ಕೆಲವು ನಿಮಿಷಗಳಲ್ಲಿ ಬೆಸೆದ ಭಾರಜಲಜನಕ ಎಷ್ಟು ಉಳಿದಿದೆ ಎನ್ನುವುದು ಆಗ ಇದ್ದ ಪ್ರೋಟಾನ್–ಫೋಟಾನ್ ಅನುಪಾತಕ್ಕೆ ಬಲು ಸೂಕ್ಷ್ಮ. ದೂರದ ಅನಿಲ ಮೋಡಗಳಲ್ಲಿ ಅದನ್ನು ಅಳೆಯುತ್ತಾರೆ. ಇನ್ನೊಂದು, ವಿಶ್ವಕ್ಕೆ 3,80,000 ವರ್ಷವಾಗಿದ್ದಾಗ ಹೊರಟ ಹಿನ್ನೆಲೆ ಬೆಳಕಿನಲ್ಲಿರುವ ಬಿಸಿ–ತಣ್ಣನೆಯ ಮಚ್ಚೆಗಳು. ಪ್ಲಾಂಕ್ ಉಪಗ್ರಹ ಅವುಗಳ ನಕ್ಷೆ ಮಾಡಿತು. ಒಂದು ಮೊದಲ ಕೆಲವು ನಿಮಿಷಗಳ ಸಾಕ್ಷಿ, ಇನ್ನೊಂದು ಲಕ್ಷಗಟ್ಟಲೆ ವರ್ಷಗಳ ನಂತರದ್ದು. ಎರಡೂ ಸಾಕ್ಷಿಗಳು ಒಂದೇ ಉತ್ತರ ಹೇಳುತ್ತವೆ.

ದೂರದಲ್ಲೆಲ್ಲೋ ಪ್ರತಿದ್ರವ್ಯದ ಗೆಲಾಕ್ಸಿಗಳು ಇರಬಹುದಲ್ಲ?

ಒಳ್ಳೆಯ ಅನುಮಾನ. ಪ್ರತಿನಕ್ಷತ್ರದ ಬೆಳಕು ನಕ್ಷತ್ರದ ಬೆಳಕಿನಂತೆಯೇ ಇರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯದು. ಆದರೆ ಗಡಿ ಮುಚ್ಚಿಡಲಾಗದು. ಗೆಲಾಕ್ಸಿಗಳ ನಡುವಿನ ಜಾಗ ಪೂರ್ತಿ ಖಾಲಿಯಲ್ಲ, ತೆಳ್ಳನೆಯ ಅನಿಲವಿದೆ. ದ್ರವ್ಯದ ಸೀಮೆ ಪ್ರತಿದ್ರವ್ಯದ ಸೀಮೆಗೆ ತಾಗುವ ಕಡೆ ನಿರಂತರ ಗ್ಯಾಮಾ ಕಿರಣ ಹೊಮ್ಮಬೇಕು. ಅಂಥ ಗಡಿ ಎಲ್ಲೂ ಕಂಡಿಲ್ಲ. 1998ರಲ್ಲಿ ಕೋಹೆನ್, ಡಿ ರುಹುಲಾ, ಗ್ಲಾಶೊ ಮೂವರು ಲೆಕ್ಕ ಹಾಕಿ, ಅಂಥ ಸೀಮೆ ಇದ್ದರೂ ಅದು ನಮಗೆ ಕಾಣುವ ವಿಶ್ವದಷ್ಟೇ ದೊಡ್ಡದಿರಬೇಕು ಎಂದು ತೋರಿಸಿದರು.

ಹತ್ತಿರದ್ದರ ಬಗ್ಗೆ ಸಂಶಯವೇ ಬೇಡ. 2023ರ ಆಗಸ್ಟ್ 23ರಂದು ವಿಕ್ರಮ್ ಚಂದ್ರನ ಮೇಲೆ ಇಳಿದು ನಿಂತಿತು. ಚಂದ್ರ ಪ್ರತಿದ್ರವ್ಯವಾಗಿದ್ದರೆ ಆ ಸಂಜೆ ಪೀಣ್ಯದ ಕಂಟ್ರೋಲ್ ರೂಮಿನಲ್ಲಿ ಚಪ್ಪಾಳೆ ಕೇಳುತ್ತಿರಲಿಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಮೈಗೆ 2011ರಲ್ಲಿ ಕಟ್ಟಿದ ಎಎಂಎಸ್ ಎಂಬ ಉಪಕರಣ ಇಂದಿಗೂ ವಿಶ್ವಕಿರಣಗಳಲ್ಲಿ ಪ್ರತಿಹೀಲಿಯಮ್ ಹುಡುಕುತ್ತಿದೆ. ವಿಶ್ವಕಿರಣಗಳಲ್ಲಿ 10,000 ಪ್ರೋಟಾನ್‌ಗೆ ಒಂದರಂತೆ ಪ್ರತಿಪ್ರೋಟಾನ್ ಸಿಗುತ್ತವೆ. ಅವು ದಾರಿಯಲ್ಲಿನ ಡಿಕ್ಕಿಗಳಿಂದ ಹುಟ್ಟಿದ ಹೊಸವು, ಆದಿಕಾಲದ ಉಳಿಕೆಯಲ್ಲ.

ಮೊದಲಿನಿಂದಲೂ ದ್ರವ್ಯ ಒಂಚೂರು ಹೆಚ್ಚಿತ್ತು ಎಂದುಬಿಟ್ಟರೆ ಮುಗಿಯಿತಲ್ಲ?

ಹಾಗೆಂದರೆ ಉತ್ತರ ಕೊಟ್ಟಂತಲ್ಲ, ಪ್ರಶ್ನೆಯನ್ನು ಅಟ್ಟಕ್ಕೆ ಹಾಕಿದಂತೆ. ಅದಕ್ಕೊಂದು ತಾಂತ್ರಿಕ ತೊಡಕೂ ಇದೆ. ಆರಂಭದಲ್ಲಿ ವಿಶ್ವ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಊಹೆಗೆ ಮೀರಿ ಉಬ್ಬಿತು ಎಂದು ಹೆಚ್ಚಿನ ವಿಶ್ವವಿಜ್ಞಾನಿಗಳು ನಂಬುತ್ತಾರೆ. ಅದಕ್ಕೆ ಮುಂಚೆ ಎಷ್ಟೇ ಹೆಚ್ಚುವರಿ ಇದ್ದರೂ ಆ ಉಬ್ಬರದಲ್ಲಿ ಸಮುದ್ರಕ್ಕೆ ಬಿದ್ದ ಒಂದು ಹನಿ ಮಜ್ಜಿಗೆಯಂತೆ ಇಲ್ಲದಂತಾಗುತ್ತದೆ. ಹಾಗಾಗಿ ಹೆಚ್ಚುವರಿ ಉಬ್ಬರದ ನಂತರ ಹುಟ್ಟಿರಬೇಕು.

ಹುಟ್ಟಬೇಕಾದರೆ ಏನೇನು ಬೇಕು?

ಇದಕ್ಕೆ ಉತ್ತರ ಬರೆದವರು ರಷ್ಯಾದ ಆಂಡ್ರೆ ಸಖರೋವ್. ಸೋವಿಯತ್ ಹೈಡ್ರೋಜನ್ ಬಾಂಬಿನ ರೂವಾರಿಗಳಲ್ಲೊಬ್ಬರು, ಆಮೇಲೆ ಅದೇ ಸರ್ಕಾರವನ್ನು ಎದುರು ಹಾಕಿಕೊಂಡು 1975ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದು, 1980ರಿಂದ ಗೋರ್ಕಿ ನಗರದಲ್ಲಿ ಗಡೀಪಾರಾಗಿ ಬದುಕಿದವರು. 1967ರಲ್ಲಿ ಅವರು ಬರೆದ ಪುಟ್ಟ ಲೇಖನದಲ್ಲಿ ಮೂರು ಷರತ್ತುಗಳಿವೆ.

ಒಂದು, ಪ್ರೋಟಾನ್ ಜಾತಿಯ ಕಣಗಳ ಒಟ್ಟು ಲೆಕ್ಕ ಬದಲಾಗುವಂಥ ಕ್ರಿಯೆ ಪ್ರಕೃತಿಯಲ್ಲಿ ಇರಬೇಕು. ಲೆಕ್ಕ ಬದಲಾಗುವುದೇ ಇಲ್ಲವೆಂದರೆ ಸೊನ್ನೆಯಿಂದ ಶುರುವಾದದ್ದು ಸೊನ್ನೆಯಲ್ಲೇ ನಿಲ್ಲುತ್ತದೆ. ಎರಡು, ಆ ಕ್ರಿಯೆ ದ್ರವ್ಯದ ಕಡೆಗೂ ಪ್ರತಿದ್ರವ್ಯದ ಕಡೆಗೂ ಒಂದೇ ವೇಗದಲ್ಲಿ ನಡೆಯಬಾರದು, ಪಕ್ಷಪಾತ ಇರಬೇಕು. ಮೂರನೆಯದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ: ಇದೆಲ್ಲ ನಡೆಯುವಾಗ ವಿಶ್ವ ಉಷ್ಣ ಸಮತೋಲನದಲ್ಲಿ ಇರಬಾರದು. ಕೆರೆಗೆ ಎಷ್ಟು ನೀರು ಬರುತ್ತದೋ ಅಷ್ಟೇ ಕೋಡಿ ಹರಿದು ಹೋದರೆ ಮಟ್ಟ ಏರುವುದಿಲ್ಲ. ಸಮತೋಲನದಲ್ಲಿ ಮುಂದಕ್ಕೆ ನಡೆದದ್ದೆಲ್ಲ ಅದೇ ವೇಗದಲ್ಲಿ ಹಿಂದಕ್ಕೂ ನಡೆದು, ಗಳಿಸಿದ್ದೆಲ್ಲ ಕರಗುತ್ತದೆ. ಏನೋ ಥಟ್ಟನೆ ಆಗಿ, ಹಿಂದಿರುಗುವ ಬಾಗಿಲು ಮುಚ್ಚಬೇಕು.

ಮುಂದೆ ಬಂದ ಸಿದ್ಧಾಂತಗಳಲ್ಲಿ ಬಹುಪಾಲು ಈ ಮೂರು ಖಾನೆ ತುಂಬುವ ಪ್ರಯತ್ನಗಳೇ.

ಪ್ರಕೃತಿ ಪಕ್ಷಪಾತ ಮಾಡುತ್ತದೆಯೇ? ಯಾರಾದರೂ ಕಂಡಿದ್ದಾರೆಯೇ?

ಕಂಡಿದ್ದಾರೆ. ಕಂಡ ರೀತಿ ಸ್ವಾರಸ್ಯವಾಗಿದೆ.

ರಂಗೋಲಿಯನ್ನು ಕನ್ನಡಿಯಲ್ಲಿ ನೋಡಿದರೆ ಎಡ ಬಲವಾಗುತ್ತದೆ, ಆದರೆ ಅದೂ ಒಂದು ಸರಿಯಾದ ರಂಗೋಲಿಯೇ. ಭೌತನಿಯಮಗಳೂ ಹಾಗೇ, ಕನ್ನಡಿಯೊಳಗಿನ ಲೋಕಕ್ಕೂ ಅವೇ ನಿಯಮ ಎಂದು 1956ರವರೆಗೆ ಎಲ್ಲರೂ ನಂಬಿದ್ದರು. ಆ ವರ್ಷ ಲೀ ಮತ್ತು ಯಾಂಗ್, ಕೆಲವು ಪರಮಾಣುಗಳು ಎಲೆಕ್ಟ್ರಾನ್ ಬಿಟ್ಟು ಸಿಡಿಯಲು ಕಾರಣವಾದ ದುರ್ಬಲ ಬಲದ ವಿಷಯದಲ್ಲಿ ಇದನ್ನು ಯಾರೂ ಪರೀಕ್ಷಿಸಿಯೇ ಇಲ್ಲವಲ್ಲ ಎಂದರು. ಚೀನಾ ಮೂಲದ ಭೌತವಿಜ್ಞಾನಿ ಮೇಡಂ ವು ಕೋಬಾಲ್ಟ್-60 ಪರಮಾಣುಗಳನ್ನು ಅತಿಶೀತಕ್ಕೆ ಇಳಿಸಿ, ಒಂದೇ ದಿಕ್ಕಿಗೆ ತಿರುಗುವಂತೆ ನಿಲ್ಲಿಸಿ ನೋಡಿದರು. ಎಲೆಕ್ಟ್ರಾನ್‌ಗಳು ಎರಡೂ ಕಡೆಗೆ ಸಮನಾಗಿ ಬರಲಿಲ್ಲ. ಕನ್ನಡಿ ಒಡೆಯಿತು. ಲೀ ಮತ್ತು ಯಾಂಗ್‌ಗೆ 1957ರ ನೊಬೆಲ್ ಬಂತು. ವು ಅವರಿಗೆ ಬರಲಿಲ್ಲ, ಅದು ಇಂದಿಗೂ ಚುಚ್ಚುವ ಮಾತು.

ಭೌತವಿಜ್ಞಾನಿಗಳು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಸರಿ, ಎಡ–ಬಲ ಬದಲಿಸುವುದರ ಜೊತೆಗೆ ಕಣದ ಜಾಗದಲ್ಲಿ ಪ್ರತಿಕಣವನ್ನೂ ಇಟ್ಟರೆ ಸಮಮಿತಿ ಮರಳಿ ಬರುತ್ತದೆ ಎಂದರು. ಇದಕ್ಕೆ ಸಿಪಿ ಸಮಮಿತಿ ಎಂದು ಹೆಸರು. ಅದೂ ಹೆಚ್ಚು ದಿನ ಬಾಳಲಿಲ್ಲ. 1964ರಲ್ಲಿ ನ್ಯೂಯಾರ್ಕ್ ಬಳಿಯ ಬ್ರುಕ್‌ಹೇವನ್‌ನಲ್ಲಿ ಕ್ರೋನಿನ್ ಮತ್ತು ಫಿಚ್ ತಂಡ ದೀರ್ಘಾಯುವಾದ ತಟಸ್ಥ ಕೆಯಾನ್ ಎಂಬ ಕಣ ಸಿಡಿಯುವುದನ್ನು ಗಮನಿಸುತ್ತಿತ್ತು. ಸಿಪಿ ಸಮಮಿತಿ ನಿಜವಾಗಿದ್ದರೆ ಅದು ಎರಡು ಪಯಾನ್‌ಗಳಾಗಿ ಒಡೆಯುವಂತೆಯೇ ಇಲ್ಲ. 22,700 ಸಲದಲ್ಲಿ ಸುಮಾರು 45 ಸಲ ಒಡೆಯಿತು. ಸಾವಿರಕ್ಕೆ ಎರಡು. ಅಷ್ಟು ಸಾಕಾಯಿತು. ಮೂರು ವರ್ಷದ ನಂತರದ ಸಖರೋವ್ ಲೇಖನದ ಬೆನ್ನಿಗೆ ಇದ್ದದ್ದು ಈ 45 ಘಟನೆಗಳೇ.

ಹಾಗಾದರೆ ಉತ್ತರ ಸಿಕ್ಕಿತಲ್ಲ?

ಇಲ್ಲ. ಪಕ್ಷಪಾತ ಇದೆ, ಆದರೆ ಸಾಲದು.

1973ರಲ್ಲಿ ಜಪಾನಿನ ಕೊಬಾಯಾಶಿ ಮತ್ತು ಮಸ್ಕಾವಾ ಈ ಪಕ್ಷಪಾತಕ್ಕೆ ಸಿದ್ಧಾಂತ ಕೊಟ್ಟರು. ಆಗ ಗೊತ್ತಿದ್ದದ್ದು ಮೂರೇ ಕ್ವಾರ್ಕ್. ಇವರು ಆರು ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ ಎಂದರು. ಮುಂದಿನ ಎರಡು ದಶಕಗಳಲ್ಲಿ ಮೂರೂ ಒಂದೊಂದಾಗಿ ಸಿಕ್ಕವು, ಕೊನೆಯದು 1995ರಲ್ಲಿ. 2001ರಲ್ಲಿ ಕ್ಯಾಲಿಫೋರ್ನಿಯಾದ ಬಾಬಾರ್ ಮತ್ತು ಜಪಾನಿನ ಬೆಲ್ ಪ್ರಯೋಗಗಳು ಬಿ ಮೆಸಾನ್‌ಗಳಲ್ಲೂ ಪಕ್ಷಪಾತ ಕಂಡವು (ಮೆಸಾನ್ ಅಂದರೆ ಕೆಯಾನಿನಂತೆ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದ ಕಣ). 2025ರಲ್ಲಿ ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ ಇನ್ನೊಂದು ಮೆಟ್ಟಿಲು ಹತ್ತಿತು. ಅದುವರೆಗೆ ಮೆಸಾನ್‌ಗಳಲ್ಲಿ ಮಾತ್ರ ಕಂಡಿದ್ದ ಪಕ್ಷಪಾತವನ್ನು ಪ್ರೋಟಾನಿನ ಬಳಗಕ್ಕೆ ಸೇರಿದ ಲ್ಯಾಂಬ್ಡಾ-ಬಿ ಕಣದಲ್ಲೂ ತೋರಿಸಿತು: ಕಣ ಮತ್ತು ಪ್ರತಿಕಣ ಸಿಡಿಯುವುದರಲ್ಲಿ ಸುಮಾರು 2.45 ಪ್ರತಿಶತ ವ್ಯತ್ಯಾಸ. ನಾವೆಲ್ಲ ಆಗಿರುವುದು ಇದೇ ಬಳಗದ ಕಣಗಳಿಂದ, ಹಾಗಾಗಿ ಇದು ದೊಡ್ಡ ಸುದ್ದಿಯಾಯಿತು.

ಪತ್ರಿಕೆಗಳು 'ವಿಶ್ವದ ರಹಸ್ಯ ಬಯಲು' ಎಂದು ಬರೆದವು. ಬಯಲಾಗಿಲ್ಲ. ಈ ಎಲ್ಲ ವ್ಯತ್ಯಾಸಗಳೂ ಕೊಬಾಯಾಶಿ–ಮಸ್ಕಾವಾ ಸಿದ್ಧಾಂತಕ್ಕೆ ಹೊಂದಿಕೊಳ್ಳುತ್ತವೆ. ಆ ಸಿದ್ಧಾಂತವನ್ನು ಆದಿಕಾಲದ ವಿಶ್ವಕ್ಕೆ ಹಚ್ಚಿ ಲೆಕ್ಕ ಹಾಕಿದರೆ ಉಳಿಯಬೇಕಾದ ದ್ರವ್ಯ ನಾವು ಕಾಣುವುದಕ್ಕಿಂತ ಕೋಟಿಗಟ್ಟಲೆ ಪಟ್ಟು ಕಡಿಮೆ. ಇಡೀ ವಿಶ್ವದ ಮಾತು ಬಿಡಿ, ಗೆಲಾಕ್ಸಿಗಳಿಗೇ ಸಾಮಗ್ರಿ ಸಾಲುವುದಿಲ್ಲ.

ಹಿಗ್ಸ್ ಕಣಕ್ಕೂ ಇದಕ್ಕೂ ಸಂಬಂಧ ಇದೆಯಂತೆ?

ಇದೆ, ಮೂರನೆಯ ಷರತ್ತಿನ ಮೂಲಕ. ವಿಶ್ವ ತಣಿಯುವಾಗ ಹಿಗ್ಸ್ ಕ್ಷೇತ್ರ 'ಹೊತ್ತಿಕೊಂಡು' ಕಣಗಳಿಗೆ ತೂಕ ಬಂತು. ಆ ಬದಲಾವಣೆ ಎಸರು ಕುದಿಯುವಾಗ ಗುಳ್ಳೆ ಏಳುವಂತೆ ನಡೆದಿದ್ದರೆ, ಗುಳ್ಳೆಗಳ ಗೋಡೆಗಳಲ್ಲಿ ಸಮತೋಲನ ತಪ್ಪಿ ದ್ರವ್ಯ ಹೆಚ್ಚಾಗಲು ಅವಕಾಶವಿತ್ತು. ಮೊದಲ ಷರತ್ತೂ ಅಲ್ಲಿ ಸಿಗುತ್ತದೆ: ಆ ಬಿಸಿಯಲ್ಲಿ ಸ್ಫೇಲರಾನ್ ಎಂಬ ಕ್ರಿಯೆ ಪ್ರೋಟಾನ್ ಜಾತಿಯ ಲೆಕ್ಕ ಬದಲಿಸಬಲ್ಲದು. ಒಂದೇ ಏಟಿಗೆ ಮೂರೂ ಖಾನೆ ತುಂಬುವ ಚೆಂದದ ಯೋಜನೆ.

2012ರಲ್ಲಿ ಹಿಗ್ಸ್ ಸಿಕ್ಕಾಗ ಅದರ ತೂಕ 125 ಗಿಗಾ ಎಲೆಕ್ಟ್ರಾನ್‌ವೋಲ್ಟ್ (ಕಣಗಳ ತೂಕ ಹೇಳುವ ಅಳತೆ). ಗುಳ್ಳೆ ಏಳಬೇಕಾದರೆ ಅದು ಸುಮಾರು 70ರ ಒಳಗಿರಬೇಕಿತ್ತು. ಇಷ್ಟು ಭಾರದ ಹಿಗ್ಸ್ ಇದ್ದರೆ ಬದಲಾವಣೆ ಬೆಲ್ಲದ ಪಾಕ ಆರುತ್ತ ಮೆಲ್ಲಗೆ ಗಟ್ಟಿಯಾದಂತೆ ನಡೆಯುತ್ತದೆ, ಥಟ್ಟನೆ ಏನೂ ಆಗದು. ಯೋಜನೆ ಉಳಿಯಬೇಕಾದರೆ ನಾವಿನ್ನೂ ಕಾಣದ ಕಣಗಳು ನೆರವಿಗೆ ಬರಬೇಕು. ಅಂಥ ಗುಳ್ಳೆಗಳು ಎದ್ದಿದ್ದರೆ ಅವು ಡಿಕ್ಕಿಯಾದ ಸದ್ದು ಗುರುತ್ವ ಅಲೆಗಳಾಗಿ ಇಂದಿಗೂ ಉಳಿದಿರಬಹುದು. ಯುರೋಪಿನ ಲೀಸಾ ಉಪಗ್ರಹಗಳು 2030ರ ದಶಕದಲ್ಲಿ ಹಾರಿದಾಗ ಅದನ್ನೂ ಕೇಳುವ ಪ್ರಯತ್ನ ಮಾಡಲಿವೆ.

ನ್ಯೂಟ್ರಿನೊ ಇದರಲ್ಲಿ ಹೇಗೆ ಬಂತು?

ನನಗೆ ಅತಿ ಹೆಚ್ಚು ಒಪ್ಪಿಗೆಯಾಗುವ ದಾರಿ ಇದು. ಪುರಾವೆ ಇದೆಯೆಂದಲ್ಲ, ಒಂದೇ ಊಹೆ ಎರಡು ಒಗಟುಗಳನ್ನು ಬಿಡಿಸುತ್ತದೆ ಎಂದು.

ನ್ಯೂಟ್ರಿನೊ ಯಾಕೆ ಅಷ್ಟು ಹಗುರ ಎನ್ನುವುದು ಮೊದಲ ಒಗಟು. ಅದಕ್ಕೆ ಕೊಡುವ ವಿವರಣೆಯಲ್ಲಿ ಹಗುರ ನ್ಯೂಟ್ರಿನೊಗೆ ವಿಪರೀತ ಭಾರದ ಅಣ್ಣಂದಿರಿರುತ್ತಾರೆ. ಏತದ ಹಾಗೆ, ಆ ತುದಿ ಎಷ್ಟು ಭಾರವೋ ಈ ತುದಿ ಅಷ್ಟು ಹಗುರ. 1986ರಲ್ಲಿ ಫುಕುಗಿತಾ ಮತ್ತು ಯಾನಾಗಿದಾ, ಆ ಭಾರದ ಅಣ್ಣಂದಿರು ಆದಿಕಾಲದಲ್ಲಿ ಸಿಡಿಯುವಾಗ ಎಲೆಕ್ಟ್ರಾನ್ ಬಳಗದ ಕಡೆಗೂ ಅದರ ಪ್ರತಿಬಳಗದ ಕಡೆಗೂ ಅಸಮವಾಗಿ ಸಿಡಿದಿದ್ದರೆ ಎಂದು ಕೇಳಿದರು. ಆ ಅಸಮತೆಯ ಒಂದು ಪಾಲನ್ನು ಸ್ಫೇಲರಾನ್ ಪ್ರೋಟಾನ್ ಬಳಗಕ್ಕೆ ವರ್ಗಾಯಿಸುತ್ತದೆ. ಎರಡನೆಯ ಒಗಟೂ ಬಿಡುತ್ತದೆ.

ಭಾರದ ನ್ಯೂಟ್ರಿನೊಗಳನ್ನು ಯಾವ ಯಂತ್ರವೂ ಸೃಷ್ಟಿಸಲಾರದು. ಹಗುರದವುಗಳಲ್ಲಿ ಪಕ್ಷಪಾತ ಇದೆಯೇ ಎಂದು ನೋಡಬಹುದು. ಜಪಾನಿನ ಟಿ2ಕೆ ಪ್ರಯೋಗ ತೊಕಾಯ್ ಊರಿನಿಂದ 295 ಕಿಲೋಮೀಟರ್ ದೂರದ ಕಮಿಯೊಕಾ ಗಣಿಗೆ ನೆಲದೊಳಗಿಂದಲೇ ನ್ಯೂಟ್ರಿನೊಗಳನ್ನೂ ಪ್ರತಿನ್ಯೂಟ್ರಿನೊಗಳನ್ನೂ ಕಳಿಸಿ, 2020ರಲ್ಲಿ ಎರಡರ ನಡತೆ ಒಂದೇ ಅಲ್ಲವೆಂಬ ಸುಳಿವು ಕೊಟ್ಟಿತು. ಸುಳಿವು ಅಷ್ಟೇ, ಸಾಬೀತಲ್ಲ. ಕಮಿಯೊಕಾದಲ್ಲಿ ಈಗ 2,60,000 ಟನ್ ನೀರಿನ ಹೈಪರ್-ಕಮಿಯೊಕಾಂಡೆ ಕಟ್ಟುತ್ತಿದ್ದಾರೆ. ಅಮೆರಿಕದಲ್ಲಿ ಡ್ಯೂನ್ ಪ್ರಯೋಗ ಫರ್ಮಿಲ್ಯಾಬ್‌ನಿಂದ 1,300 ಕಿಲೋಮೀಟರ್ ಆಚೆ ದಕ್ಷಿಣ ಡಕೋಟಾದ ಹಳೆಯ ಹೋಮ್‌ಸ್ಟೇಕ್ ಗಣಿಗೆ ಗುರಿಯಿಟ್ಟಿದೆ. ಅದು ಚಿನ್ನದ ಗಣಿ. ಇದನ್ನು ಕೇಳಿದ ಕನ್ನಡಿಗರಿಗೆ ಮುಂದಿನ ಪ್ರಶ್ನೆ ತಾನಾಗಿ ಹೊಳೆಯುತ್ತದೆ.

ಕೋಲಾರದಲ್ಲೂ ಇಂಥದ್ದೇನೋ ನಡೆದಿತ್ತಲ್ಲ?

ನಡೆದಿತ್ತು, ಬೇರೆ ಯಾರಿಗಿಂತಲೂ ಮೊದಲು.

ನೆಲದಾಳದಲ್ಲಿ ವಿಶ್ವಕಿರಣಗಳ ಗದ್ದಲ ಕಡಿಮೆ. ಮೇಲಿನ ಕಲ್ಲು ಜರಡಿಯಂತೆ ಸೋಸುತ್ತದೆ. ಅಪರೂಪದ ಘಟನೆ ಕಾಯುವವರಿಗೆ ಅದೇ ಬೇಕು. ಕೆಜಿಎಫ್‌ನಷ್ಟು ಆಳದ ಗಣಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಉಪಕರಣ ಹೊತ್ತು ಅಲ್ಲಿಗೆ ಇಳಿದಿದ್ದರು. ಮುಂದೆ ಅವರು ಮುಂಬಯಿಯ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1965ರಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳ ತಂಡ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಗುರುತಿಸಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಅದೇ ವರ್ಷ ಕಂಡಿತು. ಕೋಲಾರದ ವರದಿ ಮೊದಲು ಪ್ರಕಟವಾಯಿತು.

ನಮ್ಮ ವಿಷಯಕ್ಕೆ ನೇರ ಸೇರುವುದು ಎರಡನೆಯ ಪ್ರಯೋಗ. ಸಖರೋವ್‌ನ ಮೊದಲ ಷರತ್ತು ನೆನಪಿಸಿಕೊಳ್ಳಿ: ಪ್ರೋಟಾನ್ ಜಾತಿಯ ಲೆಕ್ಕ ಬದಲಾಗಬೇಕು. ಹಾಗಿದ್ದರೆ ಪ್ರೋಟಾನ್ ಕೂಡ ಎಂದೋ ಒಂದು ದಿನ ಸಿಡಿಯಬೇಕಲ್ಲವೇ? 1974ರಲ್ಲಿ ಜಾರ್ಜೈ ಮತ್ತು ಗ್ಲಾಶೊ ಮಂಡಿಸಿದ, ಗುರುತ್ವ ಬಿಟ್ಟು ಉಳಿದ ಬಲಗಳನ್ನೆಲ್ಲ ಒಂದೇ ಎಂದು ಕಾಣುವ ಮಹಾಏಕೀಕರಣ ಸಿದ್ಧಾಂತ ಹೌದೆಂದಿತು. ಅದನ್ನು ಹುಡುಕಲೆಂದೇ ಕೆಜಿಎಫ್‌ನಲ್ಲಿ 140 ಟನ್ನಿನ ಉಪಕರಣ 1980ರ ಕೊನೆಗೆ ಕೆಲಸ ಶುರುಮಾಡಿತು. ಕಬ್ಬಿಣದ ತಗಡುಗಳ ನಡುವೆ ಅನಿಲ ತುಂಬಿದ ಎಣಿಕೆ ಕೊಳವೆಗಳ ಸಾಲುಗಳು. ಪ್ರೋಟಾನ್ ಸಿಡಿತಕ್ಕೆಂದೇ ಕಟ್ಟಿದ ಆ ಪೀಳಿಗೆಯ ಉಪಕರಣಗಳಲ್ಲಿ ಮೊದಲನೆಯದು. ಕೆಲವೇ ತಿಂಗಳಲ್ಲಿ ಪ್ರೋಟಾನ್ ಸಿಡಿತವಿರಬಹುದು ಎನ್ನಿಸುವ ಘಟನೆಗಳು ಕಂಡವು, ತಂಡ ಪ್ರಕಟಿಸಿತು, ಜಗತ್ತು ಕಿವಿ ನಿಮಿರಿಸಿತು. ಅಮೆರಿಕದ ಮತ್ತು ಜಪಾನಿನ ದೊಡ್ಡ ನೀರಿನ ತೊಟ್ಟಿಗಳು ಏನನ್ನೂ ಕಾಣಲಿಲ್ಲ.

ಈಗ ಸೂಪರ್-ಕಮಿಯೊಕಾಂಡೆಯ 50,000 ಟನ್ ನೀರಿನಲ್ಲಿ ದಶಕಗಟ್ಟಲೆ ಕಾದರೂ ಒಂದು ಪ್ರೋಟಾನೂ ಸಿಡಿದಿಲ್ಲ. ಪಾಸಿಟ್ರಾನ್ ಮತ್ತು ಪಯಾನ್ ಆಗಿ ಸಿಡಿಯಲು ಅದರ ಆಯುಷ್ಯ ಕನಿಷ್ಠ ಎಷ್ಟೆಂದರೆ, 24ರ ಮುಂದೆ 33 ಸೊನ್ನೆ ಇಟ್ಟಷ್ಟು ವರ್ಷ. ಅಷ್ಟು ಕಾಲ ಯಾರೂ ಕಾದಿಲ್ಲ. ಅಷ್ಟೊಂದು ಪ್ರೋಟಾನ್‌ಗಳನ್ನು ಒಟ್ಟಿಗೆ ಕಾದಿದ್ದಾರೆ.

ಕೆಜಿಎಫ್ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಪ್ರಯೋಗಗಳು ಅದಕ್ಕೂ ಮುಂಚೆ ನಿಂತಿದ್ದವು. ಆ ಸುರಂಗಗಳಿಗೆ ನೀರು ನುಗ್ಗಿದೆ. ಸೈನೈಡ್ ದಿಬ್ಬಗಳನ್ನು ನೋಡಲು ಹೋಗುವವರಿಗೆ ಕೆಳಗೆ ಎರಡು ಕಿಲೋಮೀಟರ್ ಆಳದಲ್ಲಿ ವಿಶ್ವದ ಹುಟ್ಟಿನ ಲೆಕ್ಕ ನಡೆದಿತ್ತೆಂದು ಹೇಳುವ ಒಂದು ದೊಡ್ಡ ಫಲಕವಾದರೂ ಬೇಕು ಎಂಬುದು ನನ್ನ ಹಳೆಯ ಹಟ.

ಪ್ರತಿದ್ರವ್ಯ ಮೇಲಕ್ಕೆ ಬೀಳುತ್ತದೆಯಂತೆ?

ಕೆಳಕ್ಕೇ ಬೀಳುತ್ತದೆ. 2023ರಲ್ಲಿ ಸರ್ನ್‌ನ ಆಲ್ಫಾ ತಂಡ ಪ್ರತಿಜಲಜನಕವನ್ನು ಕಾಂತಬಲೆಯಲ್ಲಿ ಹಿಡಿದು, ಬಲೆ ಮೆಲ್ಲಗೆ ಸಡಿಲಿಸಿ ನೋಡಿತು. ಹೆಚ್ಚಿನವು ಕೆಳಗಿನಿಂದಲೇ ಹೊರಬಿದ್ದವು. ಪ್ರತಿದ್ರವ್ಯವೆಲ್ಲ ಗುರುತ್ವಕ್ಕೆ ವಿರುದ್ಧವಾಗಿ ದೂರ ಓಡಿಹೋಯಿತು ಎಂಬ ವಿವರಣೆ ಅಲ್ಲಿಗೆ ಮುಗಿಯಿತು. ಅದೇ ಸರ್ನ್‌ನಲ್ಲಿ ಬೇಸ್ ತಂಡ ಪ್ರೋಟಾನ್ ಮತ್ತು ಪ್ರತಿಪ್ರೋಟಾನ್‌ಗಳ ವಿದ್ಯುದಂಶ–ತೂಕದ ಅನುಪಾತವನ್ನು ಲಕ್ಷ ಕೋಟಿಯಲ್ಲಿ 16 ಪಾಲಿನಷ್ಟು ನಿಖರವಾಗಿ ಹೋಲಿಸಿದೆ. ಕೂದಲೆಳೆಯ ವ್ಯತ್ಯಾಸವೂ ಸಿಕ್ಕಿಲ್ಲ.

ಬಾಂಬು ಮಾಡಬಹುದೇ? ಕರೆಂಟು?

ಒಂದು ಗ್ರಾಮ್ ಪ್ರತಿದ್ರವ್ಯ ಒಂದು ಗ್ರಾಮ್ ದ್ರವ್ಯಕ್ಕೆ ತಾಗಿದರೆ ಸುಮಾರು 43 ಕಿಲೋಟನ್, ಹಿರೋಶಿಮಾ ಬಾಂಬಿನ ಮೂರು ಪಟ್ಟಿಗೆ ಹತ್ತಿರ. ಆ ಒಂದು ಗ್ರಾಮ್ ತರುವುದೆಲ್ಲಿಂದ? ಸರ್ನ್‌ನಲ್ಲಿ ಹೆಚ್ಚುಕಡಿಮೆ ಎರಡು ನಿಮಿಷಕ್ಕೊಮ್ಮೆ ಸುಮಾರು 3 ಕೋಟಿ ಪ್ರತಿಪ್ರೋಟಾನ್‌ಗಳು ಸಿಗುತ್ತವೆ. ಆ ವೇಗದಲ್ಲಿ ಒಂದು ಗ್ರಾಮ್ ಕೂಡಿಸಲು ವಿಶ್ವದ ಈವರೆಗಿನ ಆಯಸ್ಸು ನಾಲ್ಕು ಸಲ ಬಂದರೂ ಸಾಲದು. ಒಂದು ನ್ಯಾನೊಗ್ರಾಮ್ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಅದರಿಂದ ಬರುವುದು ಒಂದು ಯೂನಿಟ್‌ನ ಇಪ್ಪತ್ತನೇ ಒಂದು ಪಾಲು ವಿದ್ಯುತ್. ಮಾಡಲು ಖರ್ಚಾದ ಕರೆಂಟಿನ ಬಿಲ್ಲು ಕೇಳಬೇಡಿ.

ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಇದರ ಉಲ್ಲೇಖ ಇದೆಯಂತೆ, ನಿಜವೇ?

ಇಲ್ಲ. ದೇವ–ದಾನವರ ಜೋಡಿ ಬೇರೆ, ಪ್ರೋಟಾನ್–ಪ್ರತಿಪ್ರೋಟಾನ್ ಜೋಡಿ ಬೇರೆ.

ಪ್ರತಿದ್ರವ್ಯವೇ ಉಳಿದು ದ್ರವ್ಯ ಅಳಿದಿದ್ದರೆ?

ಒಬ್ಬ ಹೈಸ್ಕೂಲ್ ಹುಡುಗಿ ಕೇಳಿದ್ದು ಇದು. ಹೆಚ್ಚು ವ್ಯತ್ಯಾಸ ಆಗುತ್ತಿರಲಿಲ್ಲ. ಅಲ್ಲಿಯವರು ತಮ್ಮದನ್ನೇ ದ್ರವ್ಯ ಎನ್ನುತ್ತಿದ್ದರು, ನಮ್ಮದನ್ನು ಪ್ರತಿದ್ರವ್ಯ ಎಂದು ಹುಡುಕುತ್ತಿದ್ದರು. ಹುಡುಗಿ ಬಿಡಲಿಲ್ಲ. ಹಾಗಾದರೆ ದೂರದ ಗ್ರಹದವರ ಜೊತೆ ರೇಡಿಯೊದಲ್ಲಿ ಮಾತಾಡಿ, ಅವರು ಯಾವುದರಿಂದ ಆದವರೆಂದು ತಿಳಿಯುವುದು ಹೇಗೆ? ಧನ–ಋಣ ನಾವಿಟ್ಟ ಹೆಸರು, ಅವರ ಹೆಸರು ಅವರಿಗೆ.

ದಾರಿ ಇದೆ, ಮತ್ತೆ ಆ ಕೆಯಾನ್‌ನಿಂದಲೇ. ದೀರ್ಘಾಯು ತಟಸ್ಥ ಕೆಯಾನ್ ಕೆಲವು ಸಲ ಎಲೆಕ್ಟ್ರಾನ್ ಬಿಟ್ಟು ಸಿಡಿಯುತ್ತದೆ, ಕೆಲವು ಸಲ ಪಾಸಿಟ್ರಾನ್ ಬಿಟ್ಟು. ಇಂಥ 10,000 ಸಿಡಿತಗಳಲ್ಲಿ ಪಾಸಿಟ್ರಾನ್ ಸುಮಾರು 5,017 ಸಲ, ಎಲೆಕ್ಟ್ರಾನ್ 4,983 ಸಲ. ಅವರಿಗೆ ಕೆಯಾನ್ ಮಾಡಿ ಎಣಿಸಲು ಹೇಳಬೇಕು. ಆಮೇಲೆ ಒಂದೇ ಪ್ರಶ್ನೆ: ಹೆಚ್ಚು ಸಲ ಬಂದ ಕಣ ನಿಮ್ಮ ಪರಮಾಣುಗಳೊಳಗೆ ಇದೆಯೇ, ಇಲ್ಲವೇ? ಇಲ್ಲ ಎಂದರೆ ಅವರು ನಮ್ಮವರೇ, ಊಟಕ್ಕೆ ಕರೆಯಬಹುದು. ಇದೆ ಎಂದರೆ ದೂರದಿಂದಲೇ ಕೈಮುಗಿದು ಬರುವುದು ಒಳ್ಳೆಯದು.